ಡಾನ್ ರೆಡ್‌ವುಡ್ ಅವರಿಗೆ ಸನ್ಮಾನ

ಧಾರವಾಡದ ಗುರುಸಿದ್ದಮ್ಮನವರು ನ್ಯೂಜೆರ್ಸಿಯ ಸಮರ್‌ಸೆಟ್ಟಿನಲ್ಲಿದ್ದ ಅಳಿಯ ಅಮರೇಶ್ವರನ ಮನೆಗೆ ಬಂದಿಳಿದಾಗಿನಿಂದ ಅಮೆರಿಕ ದೇಶ ಪ್ರತಿ ಶನಿವಾರ ಪರೀಕ್ಷೆಗೆ ಕೂತು, ಪ್ರತಿ ಶನಿವಾರ ಫೇಲಾಗುತ್ತಿತ್ತು. ಇದು ೧೯೭೨ರ ಮಾತು. ಎಂಪೈರ್ ಸ್ಟೇಟ್ ಬಿಲ್ಡಿಂಗಿನ ತುದಿಗೆ ಕರೆದುಕೊಂಡು ಹೋದಾಗ ಆಕೆ ಕಟಾಂಜನದಿಂದ ಒಮ್ಮೆ ಇಣುಕಿ, “ಕೆಳಗ ನೋಡಾಕ ಇಷ್ಟು ಮ್ಯಾಲ ಬರಬೇಕಿತ್ತೇನು?” ಎಂದರು. ಸ್ವಾತಂತ್ರ್ಯದೇವಿಯ ಪ್ರತಿಮೆಯನ್ನು ದೋಣಿಯಿಂದ ತೋರಿಸಿದಾಗ, “ಪಾಪ, ಕೈ ಸೋತಿರಬೇಕು ಆಕೀದು,” ಎಂದರು. ಲಿಂಕನ್ ಸುರಂಗದೊಳಗೆ ಕಾರು ಓಡಿಸುತ್ತ ಅಮರೇಶ್ವರ, “ಈಗ ನಮ್ಮ ತಲಿ ಮ್ಯಾಲ ಹಡ್ಸನ್ ನದಿ ಹರಿಯಾಕತ್ತೈತಿ, ಅತ್ತೀ,” ಎಂದು ಗಂಭೀರವಾಗಿ ಘೋಷಿಸಿದಾಗ, “ಒಂದು ಹನಿ ನೀರು ಕಾಣವಲ್ದು. ನೀವು ಹೇಳ್ತೀರಿ, ನಾ ನಂಬಬೇಕು,” ಎಂದು ಕಿಟಕಿ ಏರಿಸಿದರು.

ಆಕೆ ಸಿಡುಕಿಯಲ್ಲ. ಎಲ್ಲವನ್ನೂ ನೋಡುವ ಆಸೆ ಆಕೆಗಿತ್ತು. ಆದರೆ ನೋಡಿದ್ದು ನೋಡುವಂತಿರಬೇಕು ಎಂಬ ಹಟವೂ ಇತ್ತು. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಮೇಲೆ ಆಕೆ ಊರಿಗೆ ಹೊರಡುವವರು. ಅಷ್ಟರೊಳಗೆ ಅತ್ತೆಯ ಕಣ್ಣು ಒಮ್ಮೆಯಾದರೂ ಅರಳದಿದ್ದರೆ, ಧಾರವಾಡದಲ್ಲಿ ತನ್ನ ಬಗ್ಗೆಯೂ ಅಮೆರಿಕದ ಬಗ್ಗೆಯೂ ಒಂದೇ ವರದಿ ಹೋಗುತ್ತದೆ ಎಂದು ಅಮರೇಶ್ವರನಿಗೆ ಖಾತ್ರಿಯಾಗಿತ್ತು.

ಅಮರೇಶ್ವರ ರಾಯಚೂರು ಕಡೆಯವನು. ನೀರೆತ್ತುವ ಪಂಪುಗಳ ನಕ್ಷೆ ತಯಾರಿಸುವ ಇಂಜಿನಿಯರು. ಸುಳ್ಳು ಹೇಳುವವನಲ್ಲ. ಅವನ ತೊಂದರೆಯೇ ಬೇರೆ. ಅಮೆರಿಕನ್ನರ ಮಾತು ಅವನ ಕಿವಿಗೆ ಅರ್ಧ ಬೀಳುತ್ತಿತ್ತು. ಉಳಿದರ್ಧವನ್ನು ಅವನೇ ತಯಾರಿಸಿಕೊಳ್ಳುತ್ತಿದ್ದ. ಇನ್ನೊಮ್ಮೆ ಹೇಳಿ ಎನ್ನುವ “ಪಾರ್ಡನ್” ಎಂಬ ಪದ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಬಳಸಿದರೆ ಇಂಗ್ಲಿಷ್ ಬಾರದವನೆಂದು ತಿಳಿದಾರೆಂಬ ಅಂಜಿಕೆಯಿಂದ, “ಯೆಸ್ ಯೆಸ್, ಶೂರ್” ಎಂದು ಮುಗಿಸಿಬಿಡುತ್ತಿದ್ದ. ಹೀಗೆ ಒಮ್ಮೆ ಸ್ನಾನಕ್ಕೆ ಬಕೆಟ್ ತರಲು ಅಂಗಡಿಗೆ ಹೋದವನು, ಅಂಗಡಿಯವನ ಎಲ್ಲ ಪ್ರಶ್ನೆಗೂ ಶೂರ್ ಶೂರ್ ಎಂದು, ಹಕ್ಕಿಗಳು ಮೀಯುವ ಸಿಮೆಂಟಿನ ಬಟ್ಟಲನ್ನು ಹೊತ್ತು ಮನೆಗೆ ಬಂದಿದ್ದ. ಅದು ಅವರ ಬಾಲ್ಕನಿಯಲ್ಲಿತ್ತು. ಹೆಂಡತಿ ಗಿರಿಜಾದೇವಿ ಅದರಲ್ಲಿ ಕೊತ್ತಂಬರಿ ಬೆಳೆಯುತ್ತಿದ್ದಳು.

ಕಥೆ ಶುರುವಾದದ್ದು ವುಡ್‌ಬ್ರಿಡ್ಜಿನಲ್ಲಿ, ಡಾಕ್ಟರ್ ಪ್ರಾಣೇಶನ ಮನೆಯಲ್ಲಿ. ಪ್ರಾಣೇಶ ಬೆಂಗಳೂರಿನವನು, ಆಸ್ಪತ್ರೆಯಲ್ಲಿ ದೊಡ್ಡ ಹುದ್ದೆ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಬಂದಿದ್ದ. ಹೋಗಿ ಬಂದದ್ದನ್ನು ನ್ಯೂಜೆರ್ಸಿಯ ಕನ್ನಡಿಗರೆಲ್ಲ ನೋಡಲೇಬೇಕೆಂದು ಊಟಕ್ಕೆ ಕರೆದು, ಉಂಡವರು ಏಳುವ ಮುನ್ನವೇ ದೀಪ ಆರಿಸಿ, ಗೋಡೆಗೆ ಬಿಳಿ ಬೆಡ್‌ಶೀಟ್ ಬಿಟ್ಟು, ಸ್ಲೈಡ್ ಪ್ರೊಜೆಕ್ಟರ್ ಹಚ್ಚಿದ. ಪ್ರಾಣೇಶ ಸೇತುವೆಯ ಮುಂದೆ; ಪ್ರಾಣೇಶ ಸಮುದ್ರದ ಮುಂದೆ; ಪ್ರಾಣೇಶ ತಲೆಕೆಳಗಾಗಿ, ಏಕೆಂದರೆ ಆ ಸ್ಲೈಡನ್ನು ತಿರುವಿ ಹಾಕಿದ್ದರು. ಗುರುಸಿದ್ದಮ್ಮನವರು ಸೋಫಾದ ಮೂಲೆಯಲ್ಲಿ ತೂಕಡಿಸುತ್ತಿದ್ದರು. ಅಷ್ಟರಲ್ಲಿ ರೆಡ್‌ವುಡ್ ಕಾಡು ಬಂತು.

“ಡಾಕ್ಟರೇ, ಹಿಂದಿನ ಚಿತ್ರ ಇನ್ನೊಮ್ಮೆ ಹಾಕ್ರಿ,” ಎಂದು ಕತ್ತಲಲ್ಲಿ ಆಕೆಯ ದನಿ ಕೇಳಿಸಿತು.

ಪ್ರಾಣೇಶ ಹಿಂದಕ್ಕೆ ಹಾಕಿದ. ಒಂದು ಬುಡದ ಪಕ್ಕ ಅವನು ಹೆಬ್ಬೆರಳಿನಷ್ಟಾಗಿ ನಿಂತಿದ್ದ.

“ಇದು ಗಿಡಾನೋ, ಗುಡ್ಡಾನೋ?”

“ಮರಾನೇ ಅಮ್ಮ. ಎರಡು ಸಾವಿರ ವರ್ಷ ವಯಸ್ಸು.”

“ಯಾರು ಎಣಿಸ್ಯಾರ?”

“ಕಡಿದಾಗ ಒಳಗೆ ಉಂಗುರ ಇರುತ್ತಲ್ಲ, ಅದನ್ನ ಎಣಿಸ್ತಾರೆ.”

“ಕಡದು ಎಣಿಸಿದ್ರ ಅದು ಸತ್ತಿದ್ದರ ವಯಸ್ಸಾತು. ನಿಂತಿದ್ದರದು ಹ್ಯಾಂಗ ಗೊತ್ತಾತು?”

ಪ್ರಾಣೇಶ ಮುಂದಿನ ಸ್ಲೈಡ್ ಹಾಕಿದ. ಆದರೆ ಗುರುಸಿದ್ದಮ್ಮನವರು ಆಗಲೇ ನೆಟ್ಟಗೆ ಕೂತಾಗಿತ್ತು. “ಇದನ್ನ ನಾ ನೋಡಬೇಕು,” ಎಂದರು. ಅಮೆರಿಕಕ್ಕೆ ಬಂದ ಮೇಲೆ ಆಕೆ ಏನನ್ನಾದರೂ ಬೇಕೆಂದು ಕೇಳಿದ್ದು ಅದೇ ಮೊದಲು. ಗಿರಿಜಾ ಗಂಡನ ಕಡೆ ನೋಡಿದಳು.

“ಕ್ಯಾಲಿಫೋರ್ನಿಯಾ ಅಮ್ಮ, ಅದು,” ಎಂದ ಪ್ರಾಣೇಶ ಮೃದುವಾಗಿ. “ವಿಮಾನದಲ್ಲಿ ಹೋಗ್ಬೇಕು. ಅಮರೇಶ್ವರ್ ಅವರ ಪ್ಲಿಮತ್ ಕಾರಲ್ಲಿ ಆಗೋ ಮಾತಲ್ಲ.”

ಪ್ಲಿಮತ್ ಹಳೆಯದೆಂಬುದು ನಿಜ. ಅದರ ಹಿಂದಿನ ಒಂದು ಬಾಗಿಲು ಹೊರಗಿನಿಂದ ಮಾತ್ರ ತೆಗೆಯುತ್ತಿತ್ತೆಂಬುದೂ ನಿಜ. ಆದರೆ ಅತ್ತೆಯ ಎದುರಿಗೆ ಅದನ್ನು ಆಡಬಾರದಿತ್ತು.

“ಅಷ್ಟು ದೂರ ಯಾಕ್ರಿ?” ಎಂದ ಅಮರೇಶ್ವರ. “ನಮ್ಮ ಸಮರ್‌ಸೆಟ್‌ದಾಗ ಐತಿ.”

ಯಾರೋ ದೀಪ ಹಾಕಿದರು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅಮರೇಶ್ವರನ ಮಾತಿಗೆ ಆಧಾರವಿಲ್ಲದೆ ಇರಲಿಲ್ಲ. ಆಫೀಸಿಗೆ ಹೋಗುವ ದಾರಿಯಲ್ಲಿ ಒಂದು ಕೌಂಟಿ ಪಾರ್ಕು ಸಿಗುತ್ತಿತ್ತು. ಅದರ ಗೇಟಿನ ಬಳಿ ಕಂದು ಹಲಗೆಯ ಮೇಲೆ ಹಳದಿ ಅಕ್ಷರದಲ್ಲಿ ‘ಏನ್ಶಿಯಂಟ್ ರೆಡ್‌ವುಡ್ ಟ್ರೇಲ್’ ಎಂದು ಬರೆದಿತ್ತು. ಪುರಾತನ ರೆಡ್‌ವುಡ್ ಇರುವ ಕಾಡುದಾರಿ. ಅವನು ಆ ಹಲಗೆಯನ್ನು ಎಷ್ಟೋ ಸಲ ಓದಿದ್ದ. ಒಳಗೆ ಒಮ್ಮೆಯೂ ಹೋಗಿರಲಿಲ್ಲ.

“ಎಷ್ಟು ಹಳೇದು?” ಎಂದು ಪ್ರಾಣೇಶ ಕೇಳಿದ.

“ಭಾಳ ಹಳೇದು. ನಿಮ್ಮ ಕ್ಯಾಲಿಫೋರ್ನಿಯಾದ್ದಕ್ಕಿಂತ ಹಳೇದಿದ್ರೂ ಇದ್ದೀತು.”

ಮೂಲೆಯಲ್ಲಿ ಮೊಸರನ್ನ ಮುಗಿಸುತ್ತಿದ್ದ ಶಂಕರನಾರಾಯಣರು ತಟ್ಟೆ ಕೆಳಗಿಟ್ಟರು. ಅವರು ಮೈಸೂರಿನವರು, ಹೋಬೋಕನ್‌ನಲ್ಲಿ ವಾಸ, ದಿನಾ ಮ್ಯಾನ್‌ಹಾಟನ್‌ಗೆ ಕೆಲಸಕ್ಕೆ ಹೋಗಿ ಬರುತ್ತಿದ್ದರು. ನ್ಯೂಜೆರ್ಸಿಯ ಕನ್ನಡ ಬಳಗದ ಅಧ್ಯಕ್ಷರು. ಬಳಗದಲ್ಲಿ ಇದ್ದದ್ದು ಕೆಲವೇ ಮನೆಗಳು, ಆದರೆ ಅಧ್ಯಕ್ಷರು ಪೂರ್ಣ ಪ್ರಮಾಣದವರು. “ಹಾಗಾದ್ರೆ ಈ ವರ್ಷದ ವನಭೋಜನ ಅಲ್ಲೇ ಇಟ್ಕೊಳ್ಳೋಣ,” ಎಂದರು. “ಬರೋ ಭಾನುವಾರ. ಏರ್ಪಾಡಿನ ಜವಾಬ್ದಾರಿ ಅಮರೇಶ್ವರ್ ಅವರದು.”

ಸೋಮವಾರ ಊಟದ ಬಿಡುವಿನಲ್ಲಿ ಅಮರೇಶ್ವರ ಪಾರ್ಕಿನ ಕಚೇರಿಗೆ ಫೋನ್ ಮಾಡಿದ. ಒಬ್ಬ ಹೆಂಗಸು ಎತ್ತಿಕೊಂಡಳು. ಬಾಯಲ್ಲಿ ಏನನ್ನೋ ಅಗಿಯುತ್ತಿದ್ದಳು. ಅವಳ ಇಂಗ್ಲಿಷ್ ಮೊದಲೇ ಜೆರ್ಸಿಯದು. ಅದಕ್ಕೆ ಬ್ರೆಡ್ಡೂ ಸೇರಿತ್ತು.

“ರೆಡ್‌ವುಡ್ ನೋಡಬೇಕಾಗಿತ್ತು, ಮೇಡಂ.”

“ಓ, ಹಾಗಾದರೆ ನಿಮಗೆ ಬೇಕಾದದ್ದು ಡಾನ್ ರೆಡ್‌ವುಡ್. ಎಲ್ಲರೂ ಡಾನ್ ರೆಡ್‌ವುಡ್‌ಗಾಗಿಯೇ ಇಲ್ಲಿಗೆ ಬರುವುದು.”

ಡಾನ್ ರೆಡ್‌ವುಡ್ ಎಂಬ ಅಧಿಕಾರಿ, ಎಂದು ಅಮರೇಶ್ವರ ಮನಸ್ಸಿನಲ್ಲಿ ಬರೆದುಕೊಂಡ. ಅಮೆರಿಕದಲ್ಲಿ ಅಧಿಕಾರಿಗಳನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಅವನ ಬಾಸ್ ಕೂಡ ಅವನಿಗೆ ಬರಿಯ ಬಾಬ್.

“ಭಾನುವಾರ ಇರ್ತಾರೇನು?”

ಆ ಕಡೆ ನಗು ಕೇಳಿಸಿತು. “ಇಲ್ಲದೆ ಎಲ್ಲಿಗೆ ಹೋಗಬೇಕು? ನಲವತ್ತೆಂಟರಿಂದ ಆ ಕೊಳದ ಪಕ್ಕದಲ್ಲೇ ನಿಂತಿರುವುದಲ್ಲವೇ? ಚೀನಾದಿಂದ ತಂದದ್ದು. ಆದರೆ ಬೇಗ ಬನ್ನಿ. ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ಪೂರ್ತಿ ಬೇರ್. ಮೈಮೇಲೆ ಒಂದು ಎಳೆಯೂ ಉಳಿಯುವುದಿಲ್ಲ. ಸತ್ತೇ ಹೋಯಿತೆಂದು ಪ್ರತಿ ವರ್ಷ ಯಾರಾದರೂ ಫೋನ್ ಮಾಡುತ್ತಾರೆ.”

“ಯೆಸ್ ಯೆಸ್,” ಎಂದ ಅಮರೇಶ್ವರ. “ಶೂರ್.”

ಸಂಜೆ ಮನೆಯಲ್ಲಿ ಈ ವಿಷಯ ಹೇಳುವಾಗ ಅವನ ಮುಖ ಬಾಡಿತ್ತು. “ಇಪ್ಪತ್ತು ವರ್ಷದ ಮ್ಯಾಲಾತು, ಆ ಮನಷ್ಯಾ ಕೊಳದ ದಂಡಿಗೆ ನಿಂತ ಡ್ಯೂಟಿ ಮಾಡಾಕತ್ತಾನ. ಸಣ್ಣಾವಿದ್ದಾಗ ಚೀನಾದಿಂದ ಕರಕೊಂಡು ಬಂದಾರ. ಚಳಿಗಾಲಕ್ಕ ಮೈಮ್ಯಾಲ ಅರಿವಿ ಇರೂದಿಲ್ಲಂತ.”

“ಕೂಡಾಕ ಕುರ್ಚಿ ಕೊಟ್ಟಿಲ್ಲೇನು?” ಎಂದು ಗಿರಿಜಾ ಕೇಳಿದಳು.

“ಅದನ್ನ ನಾ ಕೇಳಲಿಲ್ಲ.”

“ಸರಕಾರದ ನೌಕರಿ ಇದ್ದಾವಗ ಅಂಗಿ ಇಲ್ಲಂದ್ರ,” ಎಂದರು ಗುರುಸಿದ್ದಮ್ಮನವರು, “ಪಗಾರ ಎಲ್ಲಿ ಹಾಕ್ತಾನ ಅಂವಾ?”

ಇದಕ್ಕೆ ಉತ್ತರ ಹುಡುಕುವ ಕೆಲಸವನ್ನು ನ್ಯೂಜೆರ್ಸಿಯ ಟೆಲಿಫೋನ್ ತಂತಿಗಳು ವಹಿಸಿಕೊಂಡವು. ಗಿರಿಜಾ ಇದನ್ನು ಡಾಕ್ಟರ ಹೆಂಡತಿ ಶೈಲಜಾಗೆ ಹೇಳಿದಳು. ಶೈಲಜಾ ಅಧ್ಯಕ್ಷರ ಹೆಂಡತಿ ರಮಾಮಣಿಗೆ ಹೇಳಿದಳು. ಚೀನಾದಿಂದ ಬಂದವನಿಗೆ ರೆಡ್‌ವುಡ್ ಎಂಬ ಹೆಸರು ಹೇಗೆ ಎಂಬುದನ್ನು ರಮಾಮಣಿ, ಪಾದ್ರಿಯ ಮಗನಿರಬೇಕೆಂದು ಬಗೆಹರಿಸಿದರು. ಪ್ರತಿ ಚಳಿಗಾಲದಲ್ಲೂ ಸತ್ತಂತೆ ಕಾಣುತ್ತಾನೆಂಬ ಭಾಗ ಪ್ರಾಣೇಶನಿಗೆ ಹೋಯಿತು. ಅವನು ರೋಗಿಯನ್ನು ನೋಡದೆಯೇ, “ಸೀವಿಯರ್ ಡಿಪ್ರೆಶನ್,” ಎಂದು ರೋಗವನ್ನು ಗುರುತಿಸಿದ. “ಹಿಮ ಬಿತ್ತು ಅಂದ್ರೆ ಕೆಲವರು ಹೀಗೇ. ಬಟ್ಟೆ ಕಡೆ ಕೂಡ ಗಮನ ಇರಲ್ಲ. ಸ್ಪ್ರಿಂಗ್ ಬಂದ್ರೆ ತಾವೇ ಸರಿಹೋಗ್ತಾರೆ.” ಫೋನಿನ ಹೆಂಗಸು ವಸಂತದ ಮಾತನ್ನೇ ಎತ್ತಿರಲಿಲ್ಲ. ಆದರೂ ಡಾಕ್ಟರು ಹೇಳಿದ್ದು ನೂರಕ್ಕೆ ನೂರು ಸರಿಯಿತ್ತೆಂದು ಆಮೇಲೆ ತಿಳಿಯಿತು.

ಬುಧವಾರ ಶಂಕರನಾರಾಯಣರು ಖುದ್ದಾಗಿ ಫೋನ್ ಮಾಡಿದರು. “ಅಮರೇಶ್ವರ್, ನಾನು ಯೋಚನೆ ಮಾಡಿದೆ. ಇಂಥ ನಿಸ್ವಾರ್ಥ ಸೇವಕರನ್ನ ನಾವು ಸುಮ್ನೆ ನೋಡ್ಕೊಂಡು ಬರೋದು ಸರಿಯಲ್ಲ. ಸನ್ಮಾನ ಮಾಡೋಣ. ಶಾಲು, ಹಾರ, ಫಲತಾಂಬೂಲ. ನಾನೊಂದು ನಾಲ್ಕು ಮಾತಾಡ್ತೀನಿ.”

“ಯೆಸ್ ಯೆಸ್,” ಎಂದ ಅಮರೇಶ್ವರ.

ರಮಾಮಣಿ ಸ್ವೆಟರ್ ಹೆಣೆಯಲು ಕೂತರು. ಅಳತೆ ಗೊತ್ತಿರಲಿಲ್ಲ, ಅಮೆರಿಕನ್ ಗಂಡಸು ಎಂದ ಮೇಲೆ ಉದ್ದವಿರುತ್ತಾನೆಂದು ತೋಳುಗಳನ್ನು ಧಾರಾಳವಾಗಿ ಬಿಟ್ಟರು. ಬಳಗದ ಮನೆಮನೆಯಿಂದ ಹಳೆಯ ಕಾಲುಚೀಲ, ಕೈಗವಸು, ಒಂದು ಮಂಕಿ ಕ್ಯಾಪು ಬಂದು ಸೇರಿದವು. ಗುರುಸಿದ್ದಮ್ಮನವರು ಒಬ್ಬರೇ ಈ ಉತ್ಸಾಹಕ್ಕೆ ಸೇರಲಿಲ್ಲ. “ಮನಷ್ಯಾರನ್ನ ಬೇಕಾದಷ್ಟು ನೋಡೀನಿ,” ಎಂದರು. “ನಾ ಗಿಡಾ ನೋಡಾಕ ಹೊಂಟೀನಿ.”

ಭಾನುವಾರ ಬಿಸಿಲು ಚೆನ್ನಾಗಿತ್ತು. ಕಾರುಗಳು ಸಾಲಾಗಿ ಪಾರ್ಕಿನ ಗೇಟು ಹೊಕ್ಕವು, ಪ್ಲಿಮತ್ ಎಲ್ಲಕ್ಕಿಂತ ಮುಂದೆ. ಕಾವಲು ಕಟ್ಟೆಯಲ್ಲಿ ಅಗಲ ಟೋಪಿಯ ರೇಂಜರ್ ಹುಡುಗಿಯೊಬ್ಬಳು ನಿಂತಿದ್ದಳು. ಜರಿಯಂಚಿನ ಸೀರೆಗಳು, ಪುಳಿಯೋಗರೆಯ ಪಾತ್ರೆಗಳು, ತಟ್ಟೆಯಲ್ಲಿ ಗಂಧದ ಹಾರ ಇಳಿಯುವುದನ್ನು ಅವಳು ಆಸಕ್ತಿಯಿಂದ ನೋಡಿದಳು.

“ಡಾನ್ ರೆಡ್‌ವುಡ್?” ಎಂದು ಅಮರೇಶ್ವರ ಕೇಳಿದ.

“ಬಿಳಿ ಗುರುತು ಹಿಡಿದು ಹೋಗಿ. ಸೇತುವೆ ದಾಟಿದರೆ ಕೊಳ. ತಪ್ಪುವುದು ಸಾಧ್ಯವೇ ಇಲ್ಲ.”

ಅಮರೇಶ್ವರನ ಶಕ್ತಿ ಅವಳಿಗೇನು ಗೊತ್ತು.

ಕಾಡುದಾರಿಯ ಎರಡೂ ಕಡೆ ಹಳೆಯ ಓಕ್ ಮರಗಳಿದ್ದವು. ದಾರಿ ತೋರಿಸಲು ಅಲ್ಲೊಂದು ಇಲ್ಲೊಂದು ಬೊಡ್ಡೆಗೆ ಬಿಳಿಯ ಬಣ್ಣದ ಪಟ್ಟೆ ಹಚ್ಚಿದ್ದರು. ಇಳಕಲ್ ಸೀರೆಯ ಕೆಳಗೆ ಮಗಳ ಕ್ಯಾನ್ವಾಸ್ ಬೂಟು ಹಾಕಿಕೊಂಡಿದ್ದ ಗುರುಸಿದ್ದಮ್ಮನವರು ಮೊದಲ ಪಟ್ಟೆಯ ಮುಂದೆಯೇ ನಿಂತರು. “ಇಲ್ಲಿ ಗಿಡಕ್ಕೂ ಇಬತ್ತಿ ಹಚ್ತಾರಲ್ಲ,” ಎಂದು, ವಿಭೂತಿಯನ್ನೇ ಕಂಡವರ ಹಾಗೆ ಸಮಾಧಾನಪಟ್ಟುಕೊಂಡರು. ಆಮೇಲೆ ಆಕೆಯನ್ನು ಹಿಡಿಯುವುದು ಕಷ್ಟವಾಯಿತು. ಬಿದ್ದ ಓಕ್ ಕಾಯಿಯನ್ನು ಕಲ್ಲಿನಿಂದ ಒಡೆದು ಮೂಸಿದರು. ಕೊಳೆತ ಬೊಡ್ಡೆಯ ಮೇಲಿನ ಅಣಬೆಯನ್ನು ಕಡ್ಡಿಯಿಂದ ಎಬ್ಬಿಸಿ ನೋಡಿದರು. ಬಾಲ ಕುಣಿಸುತ್ತ ಓಡಿದ ಅಳಿಲಿನ ಬೆನ್ನ ಮೇಲೆ ಗೆರೆ ಯಾಕಿಲ್ಲ ಎಂದು ಪ್ರಾಣೇಶನನ್ನು ಕೇಳಿದರು. ಪ್ರಾಣೇಶ ತಾನು ಮನುಷ್ಯರ ಡಾಕ್ಟರೆಂದು ನೆನಪಿಸಿದ.

ಮುಂದೆ ನಡೆಯುತ್ತಿದ್ದ ಅಮರೇಶ್ವರ ಬಿಳಿ ಪಟ್ಟೆ ಬಿಟ್ಟು ಹಳದಿ ಪಟ್ಟೆ ಹಿಡಿದಿದ್ದ. ನಾಯಿಯೊಡನೆ ಎದುರು ಬಂದ ಅಮೆರಿಕನ್ ದಂಪತಿ ದಾರಿ ಬಿಟ್ಟು ನಿಂತು, ಹಾರದ ತಟ್ಟೆಯನ್ನೂ ಸೀರೆಗಳನ್ನೂ ನೋಡಿ ಏನೋ ಕೇಳಿದರು. ಅಮರೇಶ್ವರ, “ಯೆಸ್ ಯೆಸ್, ಶೂರ್,” ಎಂದ. ದಂಪತಿ ಅವನ ಕೈ ಕುಲುಕಿ ಅಭಿನಂದಿಸಿದರು. ಅವರು ಕೇಳಿದ್ದು ಮದುವೆಯೇ ಎಂದು, ವರ ನೀವೇನಾ ಎಂದು. ಹಿಂದೆ ಬರುತ್ತಿದ್ದ ಗಿರಿಜಾಗೆ ಅದು ಸ್ಪಷ್ಟವಾಗಿ ಕೇಳಿಸಿತು. ಆದರೆ ಪುಳಿಯೋಗರೆಯ ಪಾತ್ರೆ ಭಾರವಾಗಿದ್ದರಿಂದ ಅವಳು ಆ ವಿಷಯವನ್ನು ಮನೆಗೆ ಹೋದ ಮೇಲೆ ಎತ್ತಿಕೊಳ್ಳಲು ಇಟ್ಟುಕೊಂಡಳು.

ಹಳದಿ ಪಟ್ಟೆ ಅವರನ್ನು ಒಂದು ಸುತ್ತು ಹಾಕಿಸಿ ಹೊರಟಲ್ಲಿಗೇ ತಂದು ಬಿಟ್ಟಿತು. ಕಾವಲು ಕಟ್ಟೆಯ ಹುಡುಗಿ ಮತ್ತೆ ಬಿಳಿ ಪಟ್ಟೆಯ ಕಡೆ ಕೈ ತೋರಿಸಿದಳು. ಎರಡನೆಯ ಸಲ ಗುರುಸಿದ್ದಮ್ಮನವರೇ ಮುಂದೆ ನಡೆದರು. ಇಬತ್ತಿ ಹಚ್ಚಿದ ಗಿಡಗಳನ್ನು ಒಂದೂ ಬಿಡದೆ ಹಿಡಿದು, ಸೇತುವೆ ದಾಟಿ, ಎಲ್ಲರನ್ನೂ ಕೊಳದ ದಂಡೆಗೆ ತಂದರು.

ದಂಡೆಯ ಮೇಲೆ ಒಬ್ಬ ಮುದುಕ ನಿಂತಿದ್ದ.

ಗಿಡ್ಡನೆಯ ಮನುಷ್ಯ, ನರೆತ ಹುಬ್ಬು. ನವೆಂಬರ್ ತಿಂಗಳಲ್ಲಿ ಬರಿಯ ಅಂಗಿಯಲ್ಲಿದ್ದ. ನಡೆದು ಸೆಕೆಯಾಗಿ ಕೋಟನ್ನು ಬೆಂಚಿನ ಮೇಲೆ ಎಸೆದಿದ್ದ, ಆದರೆ ಬೆಂಚಿನ ಕಡೆ ಯಾರು ನೋಡುತ್ತಾರೆ. ಬಾತುಗಳಿಗೆ ಬ್ರೆಡ್ಡಿನ ಚೂರು ಎಸೆಯುತ್ತಿದ್ದ.

“ಪಾಪ,” ಎಂದರು ರಮಾಮಣಿ. “ಇರೋ ಬ್ರೆಡ್ಡನ್ನೂ ಬಾತುಕೋಳಿಗೆ ಹಾಕ್ತಿದಾರೆ.”

ಅಮರೇಶ್ವರ ಮುಂದೆ ಹೋಗಿ ಕೈ ಮುಗಿದ. “ಎಕ್ಸ್‌ಕ್ಯೂಸ್ ಮಿ ಸರ್. ಡಾನ್ ರೆಡ್‌ವುಡ್?”

“ಯೆಪ್,” ಎಂದ ಮುದುಕ, ಹೆಬ್ಬೆರಳನ್ನು ಭುಜದ ಮೇಲಿಂದ ಹಿಂದಕ್ಕೆ ತೋರಿಸುತ್ತ. ಅಮರೇಶ್ವರನಿಗೆ ‘ಯೆಪ್’ ಕೇಳಿಸಿತು. ಹೆಬ್ಬೆರಳು ಎದೆಯ ಕಡೆ ಹೋದಂತೆ ಕಂಡಿತು.

ಮುಂದಿನದೆಲ್ಲ ಬಹಳ ಬೇಗ ನಡೆಯಿತು. ಶೈಲಜಾ ಊದುಬತ್ತಿ ಹಚ್ಚಿದಳು. ರಮಾಮಣಿ ಸ್ವೆಟರ್ ತೊಡಿಸಿದರು. ಅದರ ತೋಳುಗಳು ಮುದುಕನ ಬೆರಳುಗಳನ್ನು ದಾಟಿ ಮೊಣಕಾಲಿನ ಹತ್ತಿರ ಜೋತುಬಿದ್ದವು. ಅಮರೇಶ್ವರ ಹಾರ ಹಾಕಿದ. ಶಂಕರನಾರಾಯಣರು ಶಾಲನ್ನು ಬಿಚ್ಚಿ, ಒಮ್ಮೆ ಕೊಡವಿ, ಹೊದಿಸಿ, ಒಂದು ಹೆಜ್ಜೆ ಹಿಂದೆ ಸರಿದು, ಇಂಗ್ಲಿಷಿನಲ್ಲಿ ಭಾಷಣ ಶುರು ಮಾಡಿದರು.

“ಮಾನ್ಯರೇ, ನೀವು ದೂರದ ನೆಲದಿಂದ ಬಂದವರು. ನಾವೂ ಹಾಗೆಯೇ ಬಂದವರು. ಬಿಸಿಲು ಮಳೆ ಹಿಮ ಯಾವುದನ್ನೂ ಲೆಕ್ಕಿಸದೆ, ಎರಡು ದಶಕಕ್ಕೂ ಮೀರಿ ಒಂದೇ ಜಾಗದಲ್ಲಿ ನಿಂತು, ಕೂರಲು ಒಂದು ಕುರ್ಚಿಯನ್ನೂ ಕೇಳದೆ ಸೇವೆ ಮಾಡಿದ್ದೀರಿ. ನಿಮ್ಮ ಮುಂದೆ ಹಾದುಹೋದವರು ಸಾವಿರಾರು ಜನ. ನಿಂತು ಥ್ಯಾಂಕ್ಯೂ ಹೇಳಿದವರು ಎಷ್ಟು ಮಂದಿ?”

ಮುದುಕ ಬ್ರೆಡ್ಡಿನ ಚೀಲವನ್ನು ಕೆಳಗಿಟ್ಟ. ಬಾತುಗಳು ತಾವೇ ಮುಂದುವರಿಸಿಕೊಂಡವು. ಅಧ್ಯಕ್ಷರು ಮುಗಿಸಿದಾಗ ಅವನು ಸ್ವೆಟರಿನ ಉದ್ದ ತೋಳಿನಿಂದಲೇ ಕಣ್ಣೊರೆಸಿಕೊಂಡ.

“ಇದನ್ನೆಲ್ಲ ನಿಮಗೆ ಯಾರು ಹೇಳಿದರು?” ಎಂದು ಕೇಳಿದ. “ನಿಂತೇ ಮಾಡಿದೆ, ನಿಜ. ಮೆಷಿನ್ ಮುಂದೆ ಕುರ್ಚಿ ಇರಲಿಲ್ಲ. ಈ ಬೇಸಿಗೆಯಲ್ಲಿ ರಿಟೈರಾದೆ. ಕಡೆಯ ದಿನ ಫೋರ್‌ಮನ್ ರಜೆಯ ಮೇಲಿದ್ದ. ಗೇಟಿನಲ್ಲಿ ಬ್ಯಾಡ್ಜ್ ಕೊಟ್ಟು, ಬಸ್ ಹತ್ತಿ ಮನೆಗೆ ಹೋದೆ. ಒಬ್ಬರೂ ಒಂದು ಮಾತು ಆಡಲಿಲ್ಲ. ನಿಮ್ಮನ್ನು ಫ್ಯಾಕ್ಟರಿಯವರು ಕಳಿಸಿದರೇ?”

“ಫ್ಯಾಕ್ಟರಿ?” ಎಂದರು ಅಧ್ಯಕ್ಷರು.

“ತಂತಿ ಎಳೆಯುವ ಫ್ಯಾಕ್ಟರಿ. ನಾನು ಸ್ಟ್ಯಾನ್ಲಿ ಡುಡೆಕ್.”

ಅಮರೇಶ್ವರ ಬಾಯಿ ತೆರೆದ. ನ್ಯೂಜೆರ್ಸಿಗೆ ಬಂದ ಇಷ್ಟು ವರ್ಷಗಳಲ್ಲಿ ಹೇಳದೆ ಉಳಿಸಿಕೊಂಡದ್ದು ಹೊರಗೆ ಬಂತು.

“ಪಾರ್ಡನ್?”

“ಡುಡೆಕ್. ಪೋಲೆಂಡ್ ಕಡೆಯ ಹೆಸರು. ಅಲ್ಲಿಂದಲೇ ಬಂದವನು ನಾನು.”

ಅಷ್ಟರಲ್ಲಿ ಮುದುಕನ ಹಿಂದಿನಿಂದ ಪ್ರಾಣೇಶನ ದನಿ ಕೇಳಿಸಿತು. ಅಲ್ಲೊಂದು ಮರವಿತ್ತು. ಅದರ ಬುಡದ ತಗಡಿನ ಫಲಕವನ್ನು ಅವನು ಬಗ್ಗಿ ಓದುತ್ತಿದ್ದ. ಒಂದೊಂದೇ ಪದವನ್ನು ಸಂತೋಷದಿಂದ, ರೋಗಿಗೆ ಎಕ್ಸ್‌ರೇ ವರದಿ ಓದಿ ಹೇಳುವ ಹಾಗೆ ಓದಿದ. “ಡಾನ್ ರೆಡ್‌ವುಡ್. ಅಂದ್ರೆ ಅಮರೇಶ್ವರ್, ಅರುಣೋದಯದ ರೆಡ್‌ವುಡ್. ಇದು ಮರದ ಜಾತಿ. ಮೂಲ, ಚೀನಾ. ನೆಟ್ಟದ್ದು ೧೯೪೮. ಚಳಿಗಾಲದಲ್ಲಿ ಎಲೆ ಉದುರಿಸುತ್ತೆ, ಸ್ಪ್ರಿಂಗ್ ಬಂದ್ರೆ ತಾನೇ ಚಿಗುರುತ್ತೆ.”

ಬಳಗದವರೆಲ್ಲ ಒಟ್ಟಿಗೆ ಮರವನ್ನು ನೋಡಿದರು. ಆಮೇಲೆ ಒಟ್ಟಿಗೆ ಅಮರೇಶ್ವರನನ್ನು ನೋಡಿದರು. ಇಪ್ಪತ್ತು ವರ್ಷದ ಮೇಲೆ ಕೊಳದ ದಂಡೆಗೆ ನಿಂತವನು, ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ಬೇರ್ ಆಗುವವನು, ಸತ್ತನೆಂದು ಜನ ಫೋನ್ ಮಾಡುವವನು, ಎಲ್ಲ ಅಲ್ಲಿ ನೆಟ್ಟಗೆ ನಿಂತಿತ್ತು.

“ಶಾಲು ಬಳಗದ್ದು,” ಎಂದು ಶಂಕರನಾರಾಯಣರು ಕನ್ನಡದಲ್ಲಿ ಪಿಸುಗುಟ್ಟಿದರು. “ಈಗ ಹೇಗೆ?”

ಹೇಗೆಂದು ಯಾರೂ ಹೇಳುವ ಮೊದಲೇ ರೇಂಜರ್ ಹುಡುಗಿ ಓಡುತ್ತ ಬಂದಳು. ಊದುಬತ್ತಿಯ ಹೊಗೆ ಅವಳಿಗೆ ಸೇತುವೆಯಿಂದಲೇ ಕಂಡಿತ್ತು. “ಪಾರ್ಕಿನಲ್ಲಿ ಬೆಂಕಿ ಹಚ್ಚುವಂತಿಲ್ಲ,” ಎಂದಳು.

“ಇದು ಬೆಂಕಿಯಲ್ಲ ಮೇಡಂ, ಗೌರವ,” ಎಂದರು ಅಧ್ಯಕ್ಷರು.

“ಯಾರಿಗೆ?”

ಅಮರೇಶ್ವರ ಡುಡೆಕ್‌ನ ಮುಖ ನೋಡಿದ. ಫ್ಯಾಕ್ಟರಿಯವರೇ ಕಳಿಸಿದ್ದು ಎಂದು ಒಂದು ‘ಯೆಸ್ ಯೆಸ್’ ಹೇಳಿಬಿಟ್ಟರೆ ಎಲ್ಲವೂ ಮುಗಿಯುತ್ತಿತ್ತು. ಅದು ನಾಲಗೆಯ ತುದಿಗೂ ಬಂತು. ಆದರೆ ಆ ಮನುಷ್ಯ ನಾಳೆ ಫ್ಯಾಕ್ಟರಿಗೆ ಹೋಗಿ ಅವರಿಗೆ ಥ್ಯಾಂಕ್ಸ್ ಹೇಳಿದರೆ?

“ಸರ್,” ಎಂದ. “ತಪ್ಪು ನನ್ನದು. ನಾನು ಫೋನಿನಲ್ಲಿ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಡಾನ್ ರೆಡ್‌ವುಡ್ ಅಂದರೆ ಒಬ್ಬ ಮನುಷ್ಯ ಅಂದುಕೊಂಡೆ. ನಾವು ಬಂದದ್ದು ಈ ಮರಕ್ಕೆ.”

ರೇಂಜರ್ ಹುಡುಗಿ ಟೋಪಿಯನ್ನು ಮುಖಕ್ಕೆ ಎಳೆದುಕೊಂಡಳು. ಅವಳ ಭುಜ ಕುಲುಕುತ್ತಿತ್ತು. ಡುಡೆಕ್ ನಗಲಿಲ್ಲ. ತಿರುಗಿ ಮರವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ.

“ಹಾಗಾದರೆ ಆ ಭಾಷಣ ಇದಕ್ಕೆ?”

“ಯೆಸ್ ಸರ್.”

“ಕುರ್ಚಿ ಕೇಳಲಿಲ್ಲ ಅಂದದ್ದೂ?”

“ಅದೂ.”

ಡುಡೆಕ್ ಉದ್ದ ತೋಳಿನೊಳಗಿಂದ ಬೆರಳು ಹುಡುಕಿ ಹೊರತೆಗೆದು, ಶಾಲನ್ನು ಅಚ್ಚುಕಟ್ಟಾಗಿ ಮಡಿಚಿ, ಅಮರೇಶ್ವರನ ಕೈಗೆ ಕೊಡಹೋದ. ಅಧ್ಯಕ್ಷರು ನೆಲ ನೋಡಿದರು.

ಗುರುಸಿದ್ದಮ್ಮನವರು ಇಷ್ಟು ಹೊತ್ತೂ ಮರದ ಹಿಂದೆ ಇದ್ದರು. ಸನ್ಮಾನ ಅವರಿಗೆ ಬೇಕಿರಲಿಲ್ಲ. ತೊಗಟೆಯ ಸೀಳನ್ನು ಮುಟ್ಟಿ, ಉದುರಿದ ಎಲೆಯನ್ನು ಆರಿಸಿ, ಸುತ್ತು ಹಾಕಿ ಈ ಕಡೆ ಬಂದವರಿಗೆ ಕಂಡದ್ದು ಮಡಿಚಿದ ಶಾಲು ಕೈ ಬದಲಾಗುತ್ತಿರುವುದು.

“ಏನದು?” ಎಂದು ಮಗಳನ್ನು ಕೇಳಿದರು. ಗಿರಿಜಾ ಎರಡು ಮಾತಿನಲ್ಲಿ ಹೇಳಿದಳು.

“ಅಧ್ಯಕ್ಷರೇ,” ಎಂದರು ಗುರುಸಿದ್ದಮ್ಮನವರು. “ನೀವು ಹೇಳಿದ ಮಾತಿನಾಗ ಇವರಿಗೆ ಹೊಂದಲಾರದ್ದು ಯಾವುದಾರ ಒಂದು ಮಾತಿತ್ತೇನು?”

ಶಂಕರನಾರಾಯಣರು ತಮ್ಮ ಭಾಷಣವನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓದಿಕೊಂಡರು. “ಇಲ್ಲ,” ಎಂದರು.

“ಮತ್ತ?” ಆಕೆ ಅಳಿಯನ ಕೈಯಿಂದ ಶಾಲು ಇಸಿದುಕೊಂಡು, ಮಡಿಕೆ ಬಿಚ್ಚಿ, ಡುಡೆಕ್‌ನಿಗೆ ಮತ್ತೆ ಹೊದಿಸಿದರು. ಈ ಸಲ ಭಾಷಣವಿರಲಿಲ್ಲ. ಎರಡೂ ತುದಿಯನ್ನು ಮುಂದಕ್ಕೆ ಎಳೆದು, ಚಳಿಗೆ ಮಕ್ಕಳಿಗೆ ಹೊದಿಸುವ ಹಾಗೆ ಒಂದರ ಮೇಲೊಂದು ಹಾಕಿದರು. ಡುಡೆಕ್‌ಗೆ ಕನ್ನಡ ಬರುತ್ತಿರಲಿಲ್ಲ. ಅವನು ತಲೆ ಬಾಗಿಸಿ, “ಥ್ಯಾಂಕ್ಯೂ ಮ್ಯಾಮ್,” ಎಂದ. ಆಮೇಲೆ ತನ್ನ ತೋಳುಗಳನ್ನು ನೋಡಿಕೊಂಡು ನಗಲು ಶುರು ಮಾಡಿದ; ಅವನು ನಕ್ಕ ಮೇಲೆ ಉಳಿದವರಿಗೂ ಅನುಮತಿ ಸಿಕ್ಕಂತಾಯಿತು. ಊದುಬತ್ತಿಯನ್ನು ಕೊಳದ ನೀರಿನಲ್ಲಿ ಅದ್ದಿ ಆರಿಸಿ, ಕಂಬಳಿ ಹಾಸಿ, ಡುಡೆಕ್‌ನನ್ನೂ ರೇಂಜರ್ ಹುಡುಗಿಯನ್ನೂ ಊಟಕ್ಕೆ ಕೂರಿಸಿಕೊಂಡರು.

ಊಟದ ನಡುವೆ ಗುರುಸಿದ್ದಮ್ಮನವರು ಎದ್ದುಹೋಗಿ ಮತ್ತೆ ಮರದ ಕೆಳಗೆ ನಿಂತರು. ಅದು ಎರಡು ಸಾವಿರ ವರ್ಷದ್ದಲ್ಲ, ಗಿರಿಜಾಗಿಂತ ಚಿಕ್ಕದು. ಆದರೆ ಆ ವಯಸ್ಸಿಗೇ ಧಾರವಾಡದ ಯಾವ ಮಾಳಿಗೆಯನ್ನಾದರೂ ಮೀರಿಸುವಷ್ಟು ಬೆಳೆದಿತ್ತು. ಆ ವಾರ ಅದರ ಎಲೆಗಳೆಲ್ಲ ತಾಮ್ರದ ಬಣ್ಣಕ್ಕೆ ತಿರುಗಿದ್ದವು. ಗಾಳಿ ಬಂದಾಗಲೆಲ್ಲ ಸಣ್ಣ ಗರಿಗಳ ಹಾಗೆ ಕೊಳದ ಮೇಲೆ ಇಳಿಯುತ್ತಿದ್ದವು.

“ಇದಕ್ಕ ಪುರಾತನ ಅಂತ ಯಾಕ ಬರದಾರ, ಕೇಳ್ರಿ ಆ ಟೋಪಿ ಹುಡುಗಿಗೆ,” ಎಂದು ಅಳಿಯನಿಗೆ ಹೇಳಿದರು.

ಅಮರೇಶ್ವರ ಕೇಳಿದ. ಹುಡುಗಿ ಹೇಳುವಾಗ ಎರಡು ಸಲ ತಡೆದು ಮತ್ತೆ ಹೇಳಿಸಿದ. ಹೇಳಿಸಿ, ಅತ್ತೆಗೆ ವಿವರಿಸಿದ. ಹಳೆಯದು ಈ ಮರವಲ್ಲ, ಇದರ ಕುಲ. ಮನುಷ್ಯ ಹುಟ್ಟುವುದಕ್ಕೆ ಎಷ್ಟೋ ಮುಂಚೆ ಇದು ಭೂಮಿಯ ಮೇಲಿತ್ತು. ಇದರ ಎಲೆಯ ಅಚ್ಚು ಕಲ್ಲಿನಲ್ಲಿ ಮಾತ್ರ ಸಿಗುತ್ತಿತ್ತು. ಕುಲವೇ ಅಳಿದುಹೋಯಿತೆಂದು ಪಂಡಿತರು ಪುಸ್ತಕದಲ್ಲಿ ಬರೆದೂ ಇಟ್ಟಿದ್ದರು. ಆಮೇಲೆ ಯುದ್ಧದ ಕಾಲದಲ್ಲಿ ಚೀನಾದ ಒಂದು ಹಳ್ಳಿಯಲ್ಲಿ ಜೀವಂತವಾಗಿ ಸಿಕ್ಕಿತು. ಅಲ್ಲಿಂದ ಬೀಜ ಬಂತು.

“ಆ ಹಳ್ಳಿಯಾಗ ಜನಾ ಇದ್ರೇನು?”

ಇದ್ದರಂತೆ. ಮರದ ಬುಡದಲ್ಲಿ ಒಂದು ಸಣ್ಣ ಗುಡಿ ಕಟ್ಟಿಕೊಂಡಿದ್ದರಂತೆ. ಎಲೆಯನ್ನು ದನಕ್ಕೆ ಹಾಕುತ್ತಿದ್ದರಂತೆ.

ಗುರುಸಿದ್ದಮ್ಮನವರು ಒಂದು ಗಳಿಗೆ ಯೋಚಿಸಿದರು. “ಅವರು ದಿನಾ ನೋಡ್ತಿದ್ರು, ಕೈ ಮುಗೀತಿದ್ರು, ದನಕ್ಕೂ ಹಾಕ್ತಿದ್ರು. ಹಂಗಾರ ಅದು ಕಳದಿತ್ತು ಅಂತ ಅಂದಾವ್ರು ಯಾರು?”

ಅಮರೇಶ್ವರ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ರೇಂಜರ್ ಹುಡುಗಿ ಪುಳಿಯೋಗರೆಯ ತಟ್ಟೆ ಕೆಳಗಿಟ್ಟು, ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಬರೆದುಕೊಂಡಳು. ಈ ಪ್ರಶ್ನೆಯನ್ನು ಅದುವರೆಗೆ ಅವಳಿಗೆ ಯಾರೂ ಕೇಳಿರಲಿಲ್ಲ. ಡುಡೆಕ್ ಮಜ್ಜಿಗೆ ಮೆಣಸಿನಕಾಯಿ ಕಡಿದ ಖಾರಕ್ಕೆ ಕಣ್ಣಲ್ಲಿ ನೀರು ತುಂಬಿಕೊಂಡೇ, “ದಟ್ ಲೇಡಿ,” ಎಂದು ತಲೆದೂಗಿದ. ಪ್ರಾಣೇಶ ಕ್ಯಾಮೆರಾ ತೆಗೆದು ಮರದ ಪಕ್ಕ ತಾನು ನಿಲ್ಲುವ ಬದಲು ಆಕೆಯನ್ನು ನಿಲ್ಲಿಸಿ ಒಂದು ಸ್ಲೈಡ್ ತೆಗೆದುಕೊಂಡ. ಆಕೆ ಕ್ಯಾಮೆರಾ ನೋಡಲಿಲ್ಲ. ಬಾಯಿ ತುಸು ತೆರೆದು ಮೇಲಕ್ಕೆ ನೋಡುತ್ತಿದ್ದರು.

ಹೊತ್ತಿಳಿಯುವಾಗ ಎಲ್ಲರೂ ಬಿಳಿ ಪಟ್ಟೆ ಹಿಡಿದು ಹಿಂದಿರುಗಿದರು. ಶಂಕರನಾರಾಯಣರು ಡುಡೆಕ್‌ನನ್ನು ಬಸ್ ನಿಲ್ದಾಣಕ್ಕೆ ಬಿಡಲು ತಮ್ಮ ಕಾರಿನಲ್ಲಿ ಕೂರಿಸಿಕೊಂಡರು. ಕಾಲುಚೀಲಗಳ ಗಂಟು, ಮಂಕಿ ಕ್ಯಾಪು ಎಲ್ಲ ಅವನ ತೊಡೆಯ ಮೇಲಿತ್ತು. ಬಾಗಿಲು ಹಾಕುವ ಮುನ್ನ ಅವನು ಅಮರೇಶ್ವರನ ಕೈಯನ್ನು ಸ್ವೆಟರಿನ ತೋಳಿನ ಮೂಲಕವೇ ಹಿಡಿದು ಬಹಳ ಹೊತ್ತು ಕುಲುಕಿದ.

ಪ್ಲಿಮತ್ ಹತ್ತಿರ ಬಂದಾಗ ಗುರುಸಿದ್ದಮ್ಮನವರು ಎಂದಿನಂತೆ ಹಿಂದೆ ಕೂರಲಿಲ್ಲ. ಗಿರಿಜಾಳನ್ನು ಹಿಂದಕ್ಕೆ ಕಳಿಸಿ, ಮುಂದಿನ ಸೀಟಿನಲ್ಲಿ ಅಳಿಯನ ಪಕ್ಕಕ್ಕೆ ಕೂತರು. ಕಾರು ಗೇಟು ದಾಟಿ ರಸ್ತೆಗೆ ಬಂತು. ಅಮರೇಶ್ವರ ಬೈಗುಳಕ್ಕೆ ಸಿದ್ಧನಾಗಿ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದ.

“ಅಮರೇಶಪ್ಪ,” ಎಂದರು ಅತ್ತೆ, ಮಡಿಲಿನಿಂದ ತಾಮ್ರದ ಬಣ್ಣದ ಒಂದು ಎಲೆ ತೆಗೆದು ಬೆಳಕಿಗೆ ಹಿಡಿದು ನೋಡುತ್ತ. “ಈ ದೇಶದಾಗ ನೀವು ಇನ್ನ ಏನೇನು ತಪ್ಪು ತಿಳಕೊಂಡೀರಿ? ಅವನ್ನೂ ಒಂದೊಂದಾಗಿ ತೋರಸ್ರಿ. ನೋಡೂನು.”

“ಅಷ್ಟೂ ನೋಡಬೇಕಂದ್ರ ಯವ್ವಾ,” ಎಂದಳು ಗಿರಿಜಾ ಹಿಂದಿನ ಸೀಟಿನಿಂದ, “ನಿನ್ನ ವೀಸಾ ಎಕ್ಸ್‌ಟೆಂಡ್ ಮಾಡಿಸಬೇಕಾಕ್ಕೈತಿ.”

“ಮಾಡಸ್ರಿ,” ಎಂದರು ಗುರುಸಿದ್ದಮ್ಮನವರು.